ಕಾಡನ್ನು ಒಂದೇ ಡಬ್ಬಿಗೆ ತುಂಬಬೇಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಕಾಡಿನ ಬೆಳವಣಿಗೆಯನ್ನು ಸಿಸ್ಟಂ ಡೈನಾಮಿಕ್ಸ್ ವಿಧಾನದಲ್ಲಿ ಲೆಕ್ಕ ಹಾಕುವ ಬಗೆಯನ್ನು ಪರಿಚಯಿಸಿದ್ದೆವು. 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಕಟ್ಟಿದ ವಿಧಾನವಿದು. ಕಾರ್ಖಾನೆಗಳ ಉತ್ಪಾದನೆ, ದಾಸ್ತಾನು ಯಾಕೆ ಹಾಗೆ ಏರಿಳಿಯುತ್ತವೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಎಷ್ಟು ಇದೆ, ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಇರುವುದು ಬರುವುದನ್ನು ಹೇಗೆ ಬದಲಿಸುತ್ತದೆ ಎಂದು ಬರೆದುಕೊಂಡು, ಅದನ್ನು ವರ್ಷದಿಂದ ವರ್ಷಕ್ಕೆ ಮುಂದೆ ಓಡಿಸಿ ನೋಡುವುದೇ ಇದರ ಸಾರ. ಪರಿಚಯ ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೇರೆ ಸಾಫ್ಟ್‌ವೇರ್ ಇಲ್ಲದೆ ಎಕ್ಸೆಲ್‌ನಲ್ಲೇ ಇಂಥ ಮಾಡೆಲ್ ಕಟ್ಟಬಹುದೇ? ಎಲ್ಲಿಂದ ಶುರು ಮಾಡಲಿ? – ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಧಾರಾಳವಾಗಿ ಕಟ್ಟಬಹುದು. ಮೊದಲ ಮಾಡೆಲ್ ಎಕ್ಸೆಲ್‌ನಲ್ಲೇ ಆಗಲಿ. ಪ್ರತಿ ವರ್ಷದ ಸಂಖ್ಯೆ ಕಣ್ಣೆದುರಿಗೇ ಇರುವುದರಿಂದ ತಪ್ಪು ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ.

ಕೆರೆಯನ್ನು ನೆನೆಸಿಕೊಳ್ಳಿ. ನಿಂತ ನೀರು ಸ್ಟಾಕ್. ಹಳ್ಳದಿಂದ ಬರುವುದು, ತೂಬಿನಲ್ಲಿ ಹೋಗುವುದು, ಕೋಡಿ ಬೀಳುವುದು, ಇವೆಲ್ಲ ಫ್ಲೋ. ಕಾಡಿನಲ್ಲಿ ನಿಂತ ಮರದ ಗಾತ್ರ ಸ್ಟಾಕ್. ವರ್ಷದ ಬೆಳವಣಿಗೆ, ಸಾವು, ಕಟಾವು ಫ್ಲೋ. ಒಂದೇ ದೊಡ್ಡ ವ್ಯತ್ಯಾಸವೆಂದರೆ, ಕೆರೆಗೆ ಮಳೆ ಹೊರಗಿನಿಂದ ಬರುತ್ತದೆ, ಕಾಡಿನಲ್ಲಿ ಇರುವ ಮರವೇ ಮುಂದಿನ ಬೆಳವಣಿಗೆಯನ್ನು ತರುತ್ತದೆ. ಇದೇ ಫೀಡ್‌ಬ್ಯಾಕ್.

ನಾಲ್ಕು ಕಾಲಂ ಹಾಕಿ. ಎ ಕಾಲಂನಲ್ಲಿ ವರ್ಷ, ಬಿ ಕಾಲಂನಲ್ಲಿ ನಿಂತ ಗಾತ್ರ (ಹೆಕ್ಟೇರಿಗೆ ಇಷ್ಟು ಘನ ಮೀಟರ್), ಸಿ ಕಾಲಂನಲ್ಲಿ ಸಾವು ಕಳೆದ ಬೆಳವಣಿಗೆ, ಡಿ ಕಾಲಂನಲ್ಲಿ ಕಟಾವು. ಬೆಳವಣಿಗೆಯ ಸೂತ್ರ: 0.12 × ಬಿ × (1 − ಬಿ/300). ಮುಂದಿನ ಸಾಲಿನ ಬಿ ಎಂದರೆ ಈ ಸಾಲಿನ ಬಿ + ಸಿ − ಡಿ. ಬೆಳವಣಿಗೆಯದು ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಕೊಟ್ಟ ಲಾಜಿಸ್ಟಿಕ್ ಸೂತ್ರ. 0.12 ಮತ್ತು 300 ಅಭ್ಯಾಸಕ್ಕೆಂದು ನಾವಿಟ್ಟ ಸಂಖ್ಯೆಗಳು, ಯಾವ ಜಾತಿಯ ಮರದ ಅಳತೆಯೂ ಅಲ್ಲ. ಇವುಗಳಲ್ಲಿ ಕಾಡು 150 ಘನ ಮೀಟರ್ ಇದ್ದಾಗ ಅತಿ ಹೆಚ್ಚು ಬೆಳೆಯುತ್ತದೆ, ವರ್ಷಕ್ಕೆ 9 ಘನ ಮೀಟರ್.

ಈಗ ಕಟಾವನ್ನು ವರ್ಷಕ್ಕೆ 8 ಎಂದು ಖಾಯಂ ಮಾಡಿ. ಗರಿಷ್ಠ 9 ಇರುವಾಗ 8 ಕಡಿದರೆ ತೊಂದರೆ ಏನು ಅನ್ನಿಸುತ್ತದೆ. 200 ಘನ ಮೀಟರ್‌ನಿಂದ ಶುರು ಮಾಡಿದರೆ ಕಾಡು ಅಲ್ಲೇ ನಿಲ್ಲುತ್ತದೆ, ಲೆಕ್ಕ ಸರಿಯಾಗಿದೆ. ಆದರೆ ಒಂದು ವರ್ಷ ಬೆಂಕಿ ಬಿದ್ದು 95ಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ಬೆಳವಣಿಗೆ 7.79, ಕಟಾವು 8. ಕೊರತೆ ಕಾಲು ಘನ ಮೀಟರಿಗಿಂತಲೂ ಕಡಿಮೆ. ಹತ್ತು ವರ್ಷದಲ್ಲಿ 95 ಇದ್ದದ್ದು 92 ಆಗುತ್ತದೆ, ಕಾಡಿನೊಳಗೆ ಓಡಾಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. 30ನೇ ವರ್ಷಕ್ಕೆ 82, 50ಕ್ಕೆ 50. ಅಲ್ಲಿಂದ ಇನ್ನು ಹನ್ನೊಂದು ವರ್ಷದಲ್ಲಿ ಹೆಚ್ಚುಕಡಿಮೆ ಸೊನ್ನೆ. ಮೊದಲ ಮೂವತ್ತು ವರ್ಷ ಕಾಡು ನಾಶವಾಗುತ್ತಿರುವ ಸುದ್ದಿಯನ್ನೇ ಕೊಡುವುದಿಲ್ಲ.

ಅದೇ ಕಟಾವನ್ನು ‘ನಿಂತದ್ದರಲ್ಲಿ ಶೇ 4’ ಎಂದು ಬರೆದು ನೋಡಿ. 200ರಲ್ಲಿ ಶೇ 4 ಅಂದರೂ 8 ಘನ ಮೀಟರೇ. ಆದರೆ 95ಕ್ಕೆ ಇಳಿದಾಗ ಕಟಾವು ತಾನಾಗಿ 3.8ಕ್ಕೆ ಇಳಿಯುತ್ತದೆ, ಕಾಡು ಮತ್ತೆ 200ರತ್ತ ಏರುತ್ತದೆ. ಸಿಗುವ ಮರ ಅಷ್ಟೇ ಇದ್ದರೂ ನಿಯಮ ಬದಲಾದರೆ ಕಾಡಿನ ಗತಿಯೇ ಬದಲಾಗುತ್ತದೆ. ಈ ಎರಡು ಶೀಟುಗಳನ್ನು ಅಕ್ಕಪಕ್ಕ ಇಟ್ಟು ಗ್ರಾಫ್ ಎಳೆಯಿರಿ. ಅದಾಗದೆ ಮುಂದಕ್ಕೆ ಹೋಗಬೇಡಿ ಎಂಬುದು ನಮ್ಮ ಒತ್ತಾಯ.

ಖಾಯಂ ಕಟಾವಿನ ಶೀಟಿನಲ್ಲಿ ಒಂದು ಕಾವಲು ಬೇಕು. ಡಿ ಎಂಬುದು 8 ಮತ್ತು ಬಿ ಎರಡರಲ್ಲಿ ಕಡಿಮೆ ಇರುವುದು ಎಂದು ಬರೆಯಿರಿ. ಇಲ್ಲದಿದ್ದರೆ ಕಾಡು ಸೊನ್ನೆಯ ಕೆಳಗೂ ಇಳಿಯುತ್ತದೆ. ನೆಗೆಟಿವ್ ಮರ ತೋರಿಸುವ ಗ್ರಾಫ್‌ಗಳನ್ನು ಪ್ರಾಜೆಕ್ಟ್ ವರದಿಗಳಲ್ಲಿ ನೋಡಿದ್ದೇವೆ.

ಪ್ರಶ್ನೆ: ಟೈಂ ಸ್ಟೆಪ್ (ಲೆಕ್ಕ ಒಮ್ಮೆಗೆ ಮುಂದೆ ಸರಿಯುವ ಕಾಲ) ಒಂದು ವರ್ಷ ಸಾಕೇ? – ಧಾರವಾಡ

ಉತ್ತರ: ಮರ ಮಾತ್ರ ಇದ್ದರೆ ಸಾಕು. ತರಗೆಲೆ ಕೊಳೆಯುವುದು, ಹುಲ್ಲು, ಕಳೆ ಸೇರಿದರೆ ಸಾಲದು. ಮಾಡೆಲ್‌ನಲ್ಲಿ ಅತಿ ಬೇಗ ನಡೆಯುವ ಕ್ರಿಯೆಗೆ ಎಷ್ಟು ಕಾಲ ಹಿಡಿಯುತ್ತದೋ ಅದರ ಕಾಲುಭಾಗ ಅಥವಾ ಅದಕ್ಕಿಂತ ಕಡಿಮೆ ಇರಲಿ. ಎಲೆ ಕೊಳೆಯಲು ಒಂದು ವರ್ಷ ಎಂದಾದರೆ 0.25. ಆಮೇಲೆ ಅದನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಉತ್ತರ ಕಣ್ಣಿಗೆ ಕಾಣುವಷ್ಟು ಬದಲಾದರೆ ಇನ್ನೂ ಅರ್ಧ ಮಾಡಿ. 0.1ರ ಬದಲು 0.125 ಬಳಸಿ. ಕಂಪ್ಯೂಟರಿನ ದ್ವಿಮಾನದಲ್ಲಿ 0.1 ಪೂರ್ತಿ ಕೂರುವುದಿಲ್ಲ, ನೂರಾರು ಹೆಜ್ಜೆ ನಡೆದ ಮೇಲೆ ‘50ನೇ ವರ್ಷದಲ್ಲಿ ಕಟಾವು’ ಎಂಬ ಆಜ್ಞೆ ತಪ್ಪಿಹೋಗುವುದುಂಟು.

ಬೆಂಕಿಯಂಥ ಒಮ್ಮೆಲೇ ಬಂದೆರಗುವ ನಷ್ಟವನ್ನು ಬರೆಯುವಾಗ ಹೆಚ್ಚಿನವರು ಎಡವುತ್ತಾರೆ. ಶೇ 40 ಸಸಿ ಸುಡಬೇಕಿದ್ದರೆ ಫ್ಲೋ ಎಂದರೆ 0.4 × ಸ್ಟಾಕ್ ÷ ಟೈಂ ಸ್ಟೆಪ್. ಭಾಗಿಸುವುದನ್ನು ಮರೆತು 0.125ರಲ್ಲಿ ಓಡಿಸಿದರೆ ಬರೀ ಶೇ 5 ಸುಡುತ್ತದೆ, ನಮ್ಮ ಕಾಡಿಗೆ ಬೆಂಕಿಯಿಂದ ಹಾನಿಯೇ ಇಲ್ಲ ಎಂಬ ಸುಳ್ಳು ತೀರ್ಮಾನ ಬರುತ್ತದೆ. ಇಂಥ ದಿಢೀರ್ ನಷ್ಟ ಇರುವ ಮಾಡೆಲ್‌ಗೆ ಹೆಜ್ಜೆಯ ಆರಂಭದ ಫ್ಲೋವನ್ನೇ ಹೆಜ್ಜೆಪೂರ್ತಿ ಬಳಸುವ ಆಯ್ಲರ್ ವಿಧಾನವೇ ಇರಲಿ, ಹೆಜ್ಜೆಯ ನಡುವೆಯೂ ಫ್ಲೋ ಲೆಕ್ಕ ಹಾಕುವ ರುಂಗೆ–ಕುಟ್ಟ ವಿಧಾನ ಬೇಡ.

ಪ್ರಶ್ನೆ: ಯಾವ ಸಾಫ್ಟ್‌ವೇರ್ ಒಳ್ಳೆಯದು? – ಮೈಸೂರು

ಉತ್ತರ: ವೆನ್‌ಸಿಮ್‌ನ ಪಿಎಲ್‌ಇ ಆವೃತ್ತಿ ಕಲಿಕೆಗೆ ಉಚಿತ. ಬ್ರೌಸರಿನಲ್ಲೇ ಕೆಲಸ ಆಗಬೇಕಿದ್ದರೆ ಇನ್‌ಸೈಟ್ ಮೇಕರ್. ಸ್ಟೆಲ್ಲಾಕ್ಕೆ ಹಣ ಕೊಡಬೇಕು, ಆದರೆ ಒಳಗೆ ಬಂದದ್ದನ್ನು ಗೊತ್ತಾದಷ್ಟು ವರ್ಷ ಇಟ್ಟುಕೊಂಡು ಆಮೇಲೆ ಹೊರಬಿಡುವ ಅದರ ‘ಕನ್ವೇಯರ್’ ನೆಡುತೋಪಿಗೆ ಬಹಳ ಉಪಯುಕ್ತ. ಪೈಥಾನ್ ಬಲ್ಲವರು ವೆನ್‌ಸಿಮ್ ಮಾಡೆಲನ್ನು ಪೈಎಸ್‌ಡಿ ಮೂಲಕ ಓಡಿಸಬಹುದು.

ಪ್ರಶ್ನೆ: ತೇಗದ ನೆಡುತೋಪಿಗೆ 60 ವರ್ಷದ ಕಟಾವು ಚಕ್ರ ಇಟ್ಟುಕೊಂಡು, ‘ಬಲಿಯುವ ಮರ = ಎಳೆ ಮರ ÷ 60’ ಎಂದು ಬರೆದೆ. ನೆಟ್ಟು 10 ವರ್ಷ ಆಗುವುದರೊಳಗೆ ಬಲಿತ ಮರ ಬರತೊಡಗಿದೆ. ಎಲ್ಲಿ ತಪ್ಪಿದೆ? – ಹಳಿಯಾಳ

ಉತ್ತರ: ಸೂತ್ರ ಬರೆಯುವಾಗ ತಪ್ಪಿಲ್ಲ, ಡಬ್ಬಿಯ ಸಂಖ್ಯೆಯಲ್ಲಿ ತಪ್ಪಿದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ತೊಡಕಿನವು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಸ್ಟಾಕ್ ಎಂಬ ಡಬ್ಬಿಗೆ ವಯಸ್ಸು ಗೊತ್ತಿಲ್ಲ. ನಿನ್ನೆ ನೆಟ್ಟ ಸಸಿಯೂ 59 ವರ್ಷದ ಮರವೂ ಅದರೊಳಗೆ ಹಾಲು ನೀರಿನಂತೆ ಬೆರೆತುಹೋಗುತ್ತವೆ. ಪ್ರತಿ ವರ್ಷ ಅರವತ್ತರಲ್ಲಿ ಒಂದು ಪಾಲು ಹೊರಗೆ ಬಾ ಎಂದು ನೀವು ಹೇಳಿದ್ದೀರಿ, ಅದು ಮೊದಲ ವರ್ಷದಿಂದಲೇ ಬರುತ್ತಿದೆ. ಹೀಗೆ 10 ವರ್ಷಕ್ಕೆ ಶೇ 15, 30 ವರ್ಷಕ್ಕೆ ಶೇ 39ರಷ್ಟು ಮರ ‘ಬಲಿತು’ ಹೋಗುತ್ತದೆ. ಅದೇ 60 ವರ್ಷವನ್ನು ತಲಾ 20 ವರ್ಷದ ಮೂರು ಡಬ್ಬಿಗಳಾಗಿ ಸಾಲಾಗಿಟ್ಟರೆ 30 ವರ್ಷದೊಳಗೆ ಬಲಿಯುವುದು ಶೇ 19ಕ್ಕೆ ಇಳಿಯುತ್ತದೆ. ತಲಾ 5 ವರ್ಷದ ಹನ್ನೆರಡು ಡಬ್ಬಿ ಇಟ್ಟರೆ ಶೇ 2. ಡಬ್ಬಿ ಹೆಚ್ಚಿದಷ್ಟೂ ಕಾಡಿಗೆ ತನ್ನ ವಯಸ್ಸಿನ ನೆನಪು ಉಳಿಯುತ್ತದೆ.

ಒಂದು ವಲಯದಲ್ಲಿ ಬೇರೆ ಬೇರೆ ವರ್ಷ ನೆಟ್ಟ ಅನೇಕ ತೋಪುಗಳಿದ್ದರೆ ಹನ್ನೆರಡು ಡಬ್ಬಿ ಸಾಕು. ಪ್ರತಿ ಡಬ್ಬಿಯಿಂದ ಮುಂದಿನದಕ್ಕೆ ಹೋಗುವ ಫ್ಲೋ ಎಂದರೆ ಸ್ಟಾಕ್ ÷ 5. ಸಾವಿನ ಪ್ರಮಾಣ ಪ್ರತಿ ಡಬ್ಬಿಗೂ ಬೇರೆ. ಒಂದೇ ವರ್ಷ ನೆಟ್ಟ ಒಂದೇ ತೋಪಾದರೆ ಡಬ್ಬಿಗಳ ಸಾಲು ಕೂಡ ಬೇಡ. ಸ್ಟೆಲ್ಲಾದ ಕನ್ವೇಯರ್ ಬಳಸಿ, ಅಥವಾ ಎಕ್ಸೆಲ್‌ನಲ್ಲಿ ವಯಸ್ಸಿಗೊಂದರಂತೆ 60 ಕಾಲಂ ಹಾಕಿ ಪ್ರತಿ ವರ್ಷ ಒಂದೊಂದು ಕಾಲಂ ಬಲಕ್ಕೆ ಸರಿಸಿ.

ತೆಳುಗೊಳಿಸುವುದನ್ನು ಎಲ್ಲಿ ಇಡಬೇಕು ಎಂಬುದು ಮುಂದಿನ ತೊಡಕು. 2 ಮೀಟರ್ × 2 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 2,500 ಸಸಿ ಕೂರುತ್ತದೆ. ವಾಡಿಕೆಯಂತೆ 5 ಮತ್ತು 10ನೇ ವರ್ಷದಲ್ಲಿ ಸಾಲು ಬಿಟ್ಟು ಸಾಲು ತೆಗೆದರೆ 1,250, ಆಮೇಲೆ 625 ಉಳಿಯುತ್ತದೆ. ಇದನ್ನು ಡಬ್ಬಿಯ ಮೇಲೆ ಹೇರಬೇಡಿ. ಮೊದಲ ಡಬ್ಬಿಯಿಂದ ಎರಡನೆಯದಕ್ಕೆ ಹೋಗುವ ಫ್ಲೋವನ್ನೇ ಎರಡಾಗಿ ಸೀಳಿ, ಅರ್ಧ ಮುಂದಿನ ಡಬ್ಬಿಗೆ, ಅರ್ಧ ಕಟಾವಿಗೆ ಹೋಗಲಿ. ಡಬ್ಬಿಯ ಮೇಲೆ ‘ಶೇ 50 ತೆಗೆ’ ಎಂದು ಬರೆದರೆ ಆ ಡಬ್ಬಿಯಲ್ಲಿ ಇರುವಷ್ಟು ವರ್ಷವೂ ಅದೇ ಮರಗಳನ್ನು ಮತ್ತೆ ಮತ್ತೆ ಅರ್ಧ ಮಾಡುತ್ತದೆ.

ತೆಳುಗೊಳಿಸದೆ ಬಿಟ್ಟ ತೋಪಿಗೆ ಕೋಡಿ ಬೇಕು. ದಟ್ಟಣೆ ಮಿತಿ ಮೀರಿದಾಗ ಮರಗಳು ತಾವಾಗಿ ಸಾಯುವುದೇ ಆ ಕೋಡಿ. 1933ರಲ್ಲಿ ಅಮೆರಿಕದ ಅರಣ್ಯಶಾಸ್ತ್ರಜ್ಞ ರೈನೆಕೆ ಕೊಟ್ಟ ಸಂಬಂಧದಲ್ಲಿ ನೆಲ ಹೊರಬಲ್ಲ ಮರಗಳ ಸಂಖ್ಯೆ ಸರಾಸರಿ ವ್ಯಾಸದ −1.605 ಘಾತಕ್ಕೆ ಅನುಗುಣ. ಅಂದರೆ ವ್ಯಾಸ ಎರಡರಷ್ಟಾದರೆ ಅದೇ ನೆಲ ಮೂರರಲ್ಲೊಂದು ಪಾಲು ಮರವನ್ನಷ್ಟೇ ಸಾಕಬಲ್ಲದು. ಇದನ್ನು ಹಾಕಿದ ಮೇಲೆ ಲಾಜಿಸ್ಟಿಕ್ ಸೂತ್ರದ 300ರ ಮಿತಿಯನ್ನು ತೆಗೆದುಬಿಡಿ. ಎರಡೂ ಇದ್ದರೆ ದಟ್ಟಣೆಯ ದಂಡವನ್ನು ಕಾಡು ಎರಡು ಸಲ ತೆರುತ್ತದೆ.

ಪ್ರಶ್ನೆ: ನಮ್ಮ ಕ್ಷೇತ್ರ ಅಳತೆ ಎಲ್ಲ ಸುತ್ತಳತೆಯಲ್ಲಿದೆ. ಮಾಡೆಲ್ ತೋರಿಸುವ ಗಾತ್ರ ನಂಬಲಾಗದಷ್ಟು ಹೆಚ್ಚು ಬರುತ್ತಿದೆ. – ಶಿವಮೊಗ್ಗ

ಉತ್ತರ: ಸುಮಾರು ಹತ್ತುಪಟ್ಟು ಹೆಚ್ಚೇ? ಹಾಗಿದ್ದರೆ ಸುತ್ತಳತೆಯನ್ನು ವ್ಯಾಸದ ಜಾಗದಲ್ಲಿ ಇಟ್ಟಿದ್ದೀರಿ. ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಪೈ × ಅಳತೆಯ ವರ್ಗ ÷ 4 ಎಂಬುದು ವ್ಯಾಸಕ್ಕೆ. ಸುತ್ತಳತೆಗೆ ವರ್ಗವನ್ನು 4 ಪೈ, ಅಂದರೆ 12.57ರಿಂದ ಭಾಗಿಸಬೇಕು. ಒಂದರ ಬದಲು ಇನ್ನೊಂದು ಹಾಕಿದರೆ 9.87 ಪಟ್ಟು ಹೆಚ್ಚು ಬರುತ್ತದೆ. ಎದೆಮಟ್ಟದಲ್ಲಿ 60 ಸೆಂಟಿಮೀಟರ್ ಸುತ್ತಳತೆಯ ಮರದ ಅಡ್ಡಕೊಯ್ತ 0.0286 ಚದರ ಮೀಟರ್. ಅಂಥ 400 ಮರ ಇದ್ದರೆ ಹೆಕ್ಟೇರಿಗೆ ಸುಮಾರು 11.5 ಚದರ ಮೀಟರ್. ನಿಮ್ಮ ಶೀಟಿನಲ್ಲಿ 113ರ ಆಸುಪಾಸು ಇದ್ದರೆ ದೋಷ ಇಲ್ಲೇ ಇದೆ.

ಎದೆಮಟ್ಟ ಯಾವುದು ಎಂಬುದನ್ನೂ ನೋಡಿಕೊಳ್ಳಿ. ನಮ್ಮ ಅರಣ್ಯ ಲೆಕ್ಕದಲ್ಲಿ ಅದು 1.37 ಮೀಟರ್, ಹೊರದೇಶದ ಬಹುಪಾಲು ಕೋಷ್ಟಕಗಳಲ್ಲಿ 1.3 ಮೀಟರ್.

ಇನ್ನೊಂದು ಸೋರಿಕೆ ಡಿಪೋ ಅಂಕಿಗಳಲ್ಲಿದೆ. ದಿಮ್ಮಿಯನ್ನು ಕ್ವಾರ್ಟರ್ ಗರ್ತ್ ಲೆಕ್ಕದಲ್ಲಿ, ಅಂದರೆ ಸುತ್ತಳತೆಯ ಕಾಲುಭಾಗದ ವರ್ಗ × ಉದ್ದ ಎಂದು ಅಳೆದಿದ್ದರೆ ಅದು ನಿಜ ಗಾತ್ರದ ಶೇ 78.5 ಮಾತ್ರ. ನಿಂತ ಮರವನ್ನು ನಿಜ ಗಾತ್ರದಲ್ಲಿ ಇಟ್ಟು, ಕಟಾವನ್ನು ಡಿಪೋ ಅಂಕಿಯಲ್ಲಿ ಕಳೆದರೆ, ಕಡಿದ ಪ್ರತಿ ಐದು ಮರದಲ್ಲಿ ಒಂದಕ್ಕೂ ಮಿಕ್ಕಿ ಮಾಡೆಲ್‌ನಲ್ಲಿ ಕಾಡಲ್ಲೇ ನಿಂತಿರುತ್ತದೆ. ಡಿಪೋ ಸಂಖ್ಯೆಯನ್ನು 0.785ರಿಂದ ಭಾಗಿಸಿ ಕಳೆಯಿರಿ. ತೊಗಟೆ, ಕೊಂಬೆ, ಸೌದೆ ಆ ಲೆಕ್ಕದ ಹೊರಗಿರುತ್ತವೆ, ಅವನ್ನು ಬೇರೆ ಸೇರಿಸಬೇಕು.

ಪ್ರಶ್ನೆ: ಫೀಡ್‌ಬ್ಯಾಕ್ ಒಂದನ್ನು ಬಿಟ್ಟರೆ ನಿಜಕ್ಕೂ ಅಷ್ಟು ಕೆಡುತ್ತದೆಯೇ? ನಮ್ಮ ನೆಲದ ಉದಾಹರಣೆ ಇದ್ದರೆ ಕೊಡಿ. – ಬೆಳಗಾವಿ

ಉತ್ತರ: ಉತ್ತರ ಕನ್ನಡದ ಬಿದಿರು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಆ ಕಾಡುಗಳ ಬಿದಿರನ್ನು ದೊಡ್ಡ ಪ್ರಮಾಣದಲ್ಲಿ ಕಡಿಯಲಾಯಿತು, ಬಿದಿರು ಸೊರಗತೊಡಗಿತು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ಇದರ ಅಧ್ಯಯನಕ್ಕೆ ಇಳಿದರು. ಅವರು ಕಂಡ ಸಂಗತಿಗಳಲ್ಲಿ ಒಂದು ಮೆಳೆಯ ಬುಡದ ಮುಳ್ಳಿನದು. ಹೆಬ್ಬಿದಿರಿನ ಮೆಳೆಯ ಸುತ್ತ ಮುಳ್ಳುಕೊಂಬೆಗಳು ಹೆಣೆದುಕೊಂಡು ಬೇಲಿಯಂತಿರುತ್ತವೆ. ಇಕ್ಕಟ್ಟು ಕಡಿಮೆಯಾಗಿ ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಅದನ್ನು ಸವರಿ ತೆಗೆಯುವ ಪದ್ಧತಿ ಇತ್ತು. ಆ ಬೇಲಿ ಹೋದೊಡನೆ ಮಳೆಗಾಲದಲ್ಲಿ ನೆಲ ಒಡೆದು ಬರುವ ಎಳೆ ಕಳಲೆ ದನಕರುಗಳ, ಕಾಡುಪ್ರಾಣಿಗಳ ಬಾಯಿಗೆ ಸಿಕ್ಕಿತು. ಊರಿನವರಿಗೆ ಇದು ಗೊತ್ತಿದ್ದ ವಿಷಯ, ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ಇದನ್ನು ಒಂದು ಕಲ್ಪಿತ ಮೆಳೆಯ ಮೇಲೆ ಓಡಿಸಿ ನೋಡೋಣ. 40 ಗಳ (ಬಿದಿರಿನ ಕಾಂಡ) ಇರುವ ಮೆಳೆ. ಐದು ಗಳಕ್ಕೊಂದು ಕಳಲೆ, ಅಂದರೆ ವರ್ಷಕ್ಕೆ 8. ಬೇಲಿ ಇದ್ದಾಗ ಶೇ 70 ಬದುಕುತ್ತದೆ, 5.6 ಹೊಸ ಗಳ. ತಾನಾಗಿ ಒಣಗುವುದು ಶೇ 4, ಅಂದರೆ 1.6. ವರ್ಷಕ್ಕೆ 4 ಗಳ ಕಡಿದರೆ ಲೆಕ್ಕ ಸರಿಸಮ. ಈಗ ಮುಳ್ಳು ತೆಗೆಯಿರಿ, ಬದುಕುವ ಕಳಲೆ ಶೇ 30ಕ್ಕೆ ಇಳಿಯಲಿ. ಹೊಸ ಗಳ 2.4, ಹೋಗುವುದು 5.6. ಮೊದಲ ವರ್ಷವೇ 3.2 ಗಳದ ಕೊರತೆ, ಸುಮಾರು 11 ವರ್ಷದಲ್ಲಿ ಮೆಳೆ ಖಾಲಿ.

ಇಲ್ಲಿ ನಮ್ಮ ಗಮನ ಸೆಳೆಯುವುದು ಮುಂದಿನ ಹೆಜ್ಜೆ. ಬಿದಿರು ಕಡಿಮೆಯಾಗುತ್ತಿದೆ ಎಂದು ಕಂಡವರು ಸಹಜವಾಗಿ ಕಟಾವನ್ನು ಅರ್ಧಕ್ಕೆ ಇಳಿಸುತ್ತಾರೆ. ಮಾಡೆಲ್‌ನಲ್ಲೂ ಹಾಗೆ ಮಾಡಿ, 4ರ ಬದಲು 2. ಮೆಳೆ ಉಳಿಯುವುದಿಲ್ಲ, 11 ವರ್ಷದ ಬದಲು ಸುಮಾರು 26 ವರ್ಷಕ್ಕೆ ಖಾಲಿಯಾಗುತ್ತದೆ ಅಷ್ಟೇ. ಮುಳ್ಳನ್ನು ಬಿಟ್ಟು 2 ಕಡಿದರೆ ಮೊದಲ ವರ್ಷವೇ 2 ಗಳ ಹೆಚ್ಚುತ್ತದೆ. ಸಂಖ್ಯೆಗಳು ಕಲ್ಪಿತ, ಆದರೆ ಯಾವ ತಿರುಪು ಮುಖ್ಯ ಎಂಬುದನ್ನು ತೋರಿಸುವ ರೀತಿ ಇದೇ. ಮೇಲಿನ ಮಾಡೆಲ್‌ನಲ್ಲಿ ದೋಷವೂ ಇದೆ. ಗಳಗಳೆಲ್ಲ ಒಂದೇ ಡಬ್ಬಿಯಲ್ಲಿವೆ. ನಿಜ ಕೆಲಸಕ್ಕೆ ಒಂದು ವರ್ಷದ, ಎರಡು ವರ್ಷದ, ಬಲಿತ ಗಳ ಎಂದು ಮೂರು ಡಬ್ಬಿ ಮಾಡಿ, ಕಟಾವು ಮೂರನೆಯದರಿಂದ ಮಾತ್ರ ಬರಲಿ. ಹೂ ಬಿಟ್ಟ ವರ್ಷ ಮೂರೂ ಡಬ್ಬಿ ಒಟ್ಟಿಗೆ ಖಾಲಿಯಾಗಿ, ಬೀಜದಿಂದ ಹುಟ್ಟಿದ ಸಸಿಗಳ ನಾಲ್ಕನೆಯ ಡಬ್ಬಿ ತುಂಬುತ್ತದೆ. ಬಿದಿರು ಹೂ ಬಿಟ್ಟರೆ ಸಾಯುತ್ತದೆ ಎಂಬುದನ್ನು ಬರೆಯದ ಬಿದಿರಿನ ಮಾಡೆಲ್ ದೀರ್ಘಕಾಲಕ್ಕೆ ಆಗಿಬರುವುದಿಲ್ಲ.

ಪ್ರಶ್ನೆ: ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟವಿದೆ. ಮರಗಳು ಚೆನ್ನಾಗೇ ಇವೆ, ಸೊಪ್ಪೂ ಬರುತ್ತಿದೆ. ಇದಕ್ಕೂ ಇಂಥ ಲೆಕ್ಕ ಬೇಕೇ? – ಸಿದ್ದಾಪುರ

ಉತ್ತರ: ನಿಮಗೇ ಹೆಚ್ಚು ಬೇಕು. ತೋಟದ ಗೊಬ್ಬರಕ್ಕೆ ಸೊಪ್ಪು ತರಲೆಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಕೊಟ್ಟ ಈ ವ್ಯವಸ್ಥೆಯಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ), ಮೇವು ಮೂರೂ ಒಂದೇ ನೆಲದಿಂದ ಬರುತ್ತವೆ. ಮೂರರ ಪರಿಣಾಮ ಬೀಳುವುದು ಬೇರೆ ಬೇರೆ ಡಬ್ಬಿಯ ಮೇಲೆ. ಸೊಪ್ಪು ಕಡಿದರೆ ದೊಡ್ಡ ಮರದ ಬೆಳವಣಿಗೆ ತಗ್ಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ದರಕು ಗುಡಿಸಿ ದನ ಮೇಯಿಸಿದರೆ ಹೋಗುವುದು ಮೊಣಕಾಲೆತ್ತರದ ಮತ್ತಿ, ಹೊನ್ನೆ, ನಂದಿಯ ಸಸಿ. ಅದನ್ನು ಯಾರೂ ಎಣಿಸುವುದಿಲ್ಲ.

ಉದಾಹರಣೆಗೆ 100 ದೊಡ್ಡ ಮರ, ವರ್ಷಕ್ಕೆ ಶೇ 1.5 ಸಾವು, ಹೊಸ ಸಸಿ ಒಂದೂ ಇಲ್ಲ ಎಂದಿಟ್ಟುಕೊಳ್ಳಿ. 20 ವರ್ಷದ ಮೇಲೂ 74 ಮರ ನಿಂತಿರುತ್ತವೆ, ಬೆಟ್ಟ ಹಸಿರಾಗೇ ಇದೆ ಅನ್ನಿಸುತ್ತದೆ. ಆಗ ಎಚ್ಚೆತ್ತು ಸಸಿಗಳನ್ನು ಕಾಯತೊಡಗಿದರೂ, ಸಸಿ ಸೊಪ್ಪು ಕೊಡುವ ಮರವಾಗಲು 25 ವರ್ಷ ಹಿಡಿದರೆ, ದೊಡ್ಡ ಮರಗಳ ಸಂಖ್ಯೆ 50ರ ಹತ್ತಿರಕ್ಕೆ ಇಳಿದ ಮೇಲಷ್ಟೇ ತಿರುಗುತ್ತದೆ. ಸೊಪ್ಪಿನ ಹೊರೆ ಅಷ್ಟೂ ಉಳಿದ ಮರಗಳ ಮೇಲೆ ಬಿದ್ದು ಅವುಗಳ ಸಾವು ಹೆಚ್ಚಿದರೆ ಇನ್ನೂ ಕೆಳಗೆ. ದೊಡ್ಡ ಮರ ಕಡಿಮೆ, ಉಳಿದವಕ್ಕೆ ಕತ್ತಿ ಹೆಚ್ಚು, ಸಾವು ಇನ್ನೂ ಹೆಚ್ಚು ಎಂಬ ಸುತ್ತು ಅದು.

ಲೆಕ್ಕಕ್ಕೆ ಬೇಕಾದ ಅಳತೆ ಕಷ್ಟದ್ದಲ್ಲ. ಬೆಟ್ಟದ ಬೇರೆ ಬೇರೆ ಕಡೆ 10 ಮೀಟರ್ × 10 ಮೀಟರ್‌ನ ಹತ್ತು ಚೌಕ ಗುರುತು ಹಾಕಿ. ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಮೊಣಕಾಲೆತ್ತರದ ಸಸಿ, ಆಳೆತ್ತರದ ಗಿಡ, ದೊಡ್ಡ ಮರ ಎಂದು ಮೂರು ಗುಂಪಾಗಿ ಎಣಿಸಿ. ಒಂದು ಚೌಕದ ಸರಾಸರಿಯನ್ನು ನೂರರಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ. ಪ್ರತಿ ವರ್ಷ ಅದೇ ಚೌಕ, ಅದೇ ತಿಂಗಳು. ಮೂರು ವರ್ಷ ಎಣಿಸಿದರೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ದಾಟುತ್ತಿವೆ ಎಂಬುದರ ಅಂದಾಜು ಸಿಗುತ್ತದೆ. ಜೊತೆಗೆ, ಒಂದು ಪಟ್ಟಿಯನ್ನು ಸರದಿಯ ಮೇಲೆ ಗುಡಿಸದೆ ಬಿಡಿ. ಅಲ್ಲಿಯ ಎಣಿಕೆಯನ್ನು ಗುಡಿಸಿದ ಜಾಗಕ್ಕೆ ಹೋಲಿಸಿದರೆ ದರಕಿನ ಬೆಲೆ ಎಷ್ಟು ಸಸಿ ಎಂಬುದು ನಿಮ್ಮ ಬೆಟ್ಟದಲ್ಲೇ ತಿಳಿಯುತ್ತದೆ.

ಪ್ರಶ್ನೆ: ಬಂಡೀಪುರದ ಸುತ್ತ ಲಂಟಾನ ಮತ್ತು ಬೆಂಕಿಯನ್ನು ಒಂದೇ ಮಾಡೆಲ್‌ನಲ್ಲಿ ತರುವುದು ಹೇಗೆ? – ಗುಂಡ್ಲುಪೇಟೆ

ಉತ್ತರ: ಫೀಡ್‌ಬ್ಯಾಕ್ ಸುತ್ತನ್ನು ಮೊದಲು ಕಾಗದದ ಮೇಲೆ ಬರೆಯಿರಿ. ನೆರಳು ತೆಳುವಾದಲ್ಲಿ ಲಂಟಾನ ಎಂಬ ಕಳೆಪೊದೆ ದಟ್ಟವಾಗುತ್ತದೆ. ಬೇಸಿಗೆಯಲ್ಲಿ ಅದರ ಒಣಕಡ್ಡಿಗೆ ಬೆಂಕಿ ಜೋರಾಗಿ ಹತ್ತುತ್ತದೆ. ಬೆಂಕಿ ಸಣ್ಣ ಗಿಡಗಳನ್ನು ಕೊಲ್ಲುತ್ತದೆ. ಮುಂದಿನ ಪೀಳಿಗೆಯ ಮರ ಇಲ್ಲದೆ ನೆರಳು ಇನ್ನೂ ತೆಳುವಾಗುತ್ತದೆ. ಇದು ತನ್ನನ್ನು ತಾನೇ ಬಲಪಡಿಸಿಕೊಳ್ಳುವ ಸುತ್ತು. ಇದಕ್ಕೆ ಎದುರಾಗಿ ನಿಲ್ಲುವುದು ಒಂದೇ, ದಟ್ಟ ನೆರಳಿನಲ್ಲಿ ಲಂಟಾನ ಸೊರಗುವುದು. ಆದರೆ ನೆರಳು ಕಟ್ಟಲು ದಶಕಗಳು ಬೇಕು, ಲಂಟಾನ ಹಬ್ಬಲು ಕೆಲವೇ ಮಳೆಗಾಲ ಸಾಕು.

ಬೆಂಕಿಯ ಸಾವನ್ನು ಗಾತ್ರಕ್ಕೆ ತಕ್ಕಂತೆ ಇಡಲೇಬೇಕು. ಪಕ್ಕದ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಿಂದ 50 ಹೆಕ್ಟೇರ್ ಜಾಗದ ಪ್ರತಿ ಮರವನ್ನೂ ಗುರುತು ಹಾಕಿ ಗಮನಿಸುತ್ತ ಬಂದಿದೆ. ಅಲ್ಲಿಯೂ ಬೆಂಕಿಗೆ ಬಲಿಯಾಗುವುದು ಹೆಚ್ಚಾಗಿ ಸಣ್ಣ ಕಾಂಡದವು, ದೊಡ್ಡ ಮರ ತಡೆದುಕೊಳ್ಳುತ್ತದೆ. ಎಲ್ಲ ಮರವನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೆಂಕಿಗೆ ಸರಾಸರಿ ಸಾವು ಕೊಟ್ಟರೆ, ದೊಡ್ಡ ಮರ ಸುಳ್ಳಾಗಿ ಸಾಯುತ್ತದೆ, ಸಸಿ ಸುಳ್ಳಾಗಿ ಬದುಕುತ್ತದೆ.

ಬೆಂಕಿ ಬೀಳುವ ಸಾಧ್ಯತೆಯನ್ನು ವರ್ಷಕ್ಕೆ ಒಮ್ಮೆ, ಬೇಸಿಗೆಯಲ್ಲಿ ಮಾತ್ರ ನಿರ್ಧರಿಸುವುದು ಉತ್ತಮ. ಪ್ರತಿ ಹೆಜ್ಜೆಗೂ ನಿರ್ಧರಿಸುವುದಾದರೆ ವರ್ಷದ 0.2 ಸಾಧ್ಯತೆಯನ್ನು 0.25ರ ಹೆಜ್ಜೆಗೆ 0.2 ಎಂದೇ ಬಿಡಬೇಡಿ, ನಾಲ್ಕು ಪಟ್ಟು ಬೆಂಕಿ ಬೀಳುತ್ತದೆ. ಆ ಹೆಜ್ಜೆಯ ಸಾಧ್ಯತೆ 1 ರಿಂದ 0.8ರ ನಾಲ್ಕನೇ ಮೂಲವನ್ನು ಕಳೆದಷ್ಟು, ಅಂದರೆ 0.054. ನೂರು ಸಲ ಓಡಿಸಿ. ಆಮೇಲೆ ಸರಾಸರಿ ಗೆರೆಯೊಂದನ್ನೇ ಎಳೆದು ತೃಪ್ತರಾಗಬೇಡಿ. ಕೆಲವು ಓಟದಲ್ಲಿ ಕಾಡು ಮುಚ್ಚಿಕೊಳ್ಳುತ್ತದೆ, ಕೆಲವದರಲ್ಲಿ ಲಂಟಾನ ಗೆಲ್ಲುತ್ತದೆ. ಇವೆರಡರ ಸರಾಸರಿಯಲ್ಲಿ ಬರುವ ಅರೆಬರೆ ಕಾಡು ಯಾವ ಓಟದಲ್ಲೂ ಇರುವುದಿಲ್ಲ. ಯಾವ ಗತಿ ಎಷ್ಟು ಸಲ ಬಂತು ಎಂದು ಎಣಿಸಿ ತೋರಿಸಿ.

ಲಂಟಾನ ತೆಗೆಯುವ ಯೋಜನೆಯನ್ನು ಪರೀಕ್ಷಿಸುವುದಾದರೆ ಅದಕ್ಕೂ ಮೂರು ಡಬ್ಬಿ ಬೇಕು. ಮೇಲಿನ ಪೊದೆ, ನೆಲದೊಳಗಿನ ಬುಡ, ಮಣ್ಣಿನ ಬೀಜ. ಪೊದೆ ಸವರಿದರೆ ಖಾಲಿಯಾಗುವುದು ಮೊದಲನೆಯದು ಮಾತ್ರ, ಬುಡದಿಂದ ಅದು ಚಿಗುರಿ ಮತ್ತೆ ತುಂಬುತ್ತದೆ. ಬುಡವನ್ನೇ ಕತ್ತರಿಸಿ ಕಿತ್ತರೆ ಎರಡೂ ಹೋಗುತ್ತವೆ. ಬೀಜ ಉಳಿಯುತ್ತದೆ, ಹಕ್ಕಿಗಳು ಹೊರಗಿನಿಂದಲೂ ತರುತ್ತವೆ. ಹಾಗಾಗಿ ಕಿತ್ತ ಮೇಲಿನ ವರ್ಷಗಳಲ್ಲಿ ಮೊಳಕೆ ಕೀಳುವ ಫ್ಲೋ ಇಲ್ಲದ ಯೋಜನೆಗಳೆಲ್ಲ ಮಾಡೆಲ್‌ನಲ್ಲಿ ಸೋಲುತ್ತವೆ.

ಪ್ರಶ್ನೆ: ಘನ ಮೀಟರಿನಿಂದ ಇಂಗಾಲಕ್ಕೆ ಹೋಗುವುದು ಹೇಗೆ? – ಬೆಂಗಳೂರು

ಉತ್ತರ: ಸರಪಳಿ ಗುಣಾಕಾರ. ತೇಗದ 200 ಘನ ಮೀಟರ್ ಕಾಂಡ × ಒಣ ಸಾಂದ್ರತೆ 0.55 = 110 ಟನ್. ಕೊಂಬೆ, ಎಲೆ ಸೇರಿಸಲು × 1.4 = 154. ಬೇರು ಸೇರಿಸಲು × 1.24 = 191. ಇಂಗಾಲದ ಪಾಲು 0.47, ಅಲ್ಲಿಗೆ ಸುಮಾರು 90 ಟನ್. ಇಂಗಾಲದ ಡೈಆಕ್ಸೈಡ್ ಆಗಿ ಹೇಳಲು × 44/12, ಸುಮಾರು 329 ಟನ್. 0.47 ಐಪಿಸಿಸಿ (ಹವಾಮಾನ ಬದಲಾವಣೆಯ ಅಂತರ-ಸರ್ಕಾರಿ ಸಮಿತಿ) ಮಾರ್ಗಸೂಚಿಯ ಸಾಮಾನ್ಯ ಮೌಲ್ಯ. 1.4 ಇಲ್ಲಿ ಉದಾಹರಣೆಗೆ ಇಟ್ಟದ್ದು, ಎಳೆ ತೋಪಿಗೆ ಅದು ಇನ್ನೂ ಹೆಚ್ಚಿರುತ್ತದೆ, ಹಾಗಾಗಿ ವಯಸ್ಸಿನ ಡಬ್ಬಿಗೊಂದು ಬೇರೆ ಸಂಖ್ಯೆ ಕೊಡಿ. ನಿಮ್ಮ ಗಾತ್ರದ ಕೋಷ್ಟಕದಲ್ಲಿ ಕೊಂಬೆ ಮೊದಲೇ ಸೇರಿದ್ದರೆ 1.4 ಬೇಡ.

ಬದುಕಿರುವ ಮರದ ಇಂಗಾಲವನ್ನು ಹೊಸ ಸ್ಟಾಕ್ ಮಾಡಬೇಡಿ. ಅದು ಗಾತ್ರದಿಂದ ಲೆಕ್ಕವಾಗಿ ಬರುವ ಸಂಖ್ಯೆ. ಎರಡನ್ನೂ ಸ್ಟಾಕ್ ಮಾಡಿದರೆ ಕಟಾವನ್ನು ಒಂದರಲ್ಲಿ ಕಳೆದು ಇನ್ನೊಂದರಲ್ಲಿ ಮರೆಯುವುದು ಖಂಡಿತ. ಬಿದ್ದ ಮರ, ತರಗೆಲೆ, ಮಣ್ಣು, ಕಟ್ಟಡಕ್ಕೆ ಹೋದ ದಿಮ್ಮಿ ಮಾತ್ರ ಬೇರೆ ಸ್ಟಾಕ್ ಆಗಲಿ, ಒಂದೊಂದಕ್ಕೂ ಅದರದೇ ಕೊಳೆಯುವ ಕಾಲ ಇರಲಿ. ಕೊನೆಗೆ ಒಂದು ಸಾಲು ಸೇರಿಸಿ: ಮೊದಲಿದ್ದದ್ದು + ಬಂದದ್ದು − ಹೋದದ್ದು − ಈಗಿರುವುದು. ಪ್ರತಿ ವರ್ಷವೂ ಅಲ್ಲಿ ಸೊನ್ನೆ ಬರಬೇಕು. ಬಾರದ ಮೊದಲ ವರ್ಷವನ್ನು ಹಿಡಿದು ಆ ವರ್ಷದ ಫ್ಲೋಗಳನ್ನು ಒಂದೊಂದಾಗಿ ತೆರೆದು ನೋಡಿ.